ಕಾರ್ಡ್ ಉಜ್ಜಿದರೆ ಪುಣ್ಯ ಬರುತ್ತದೆಯೇ?

ಲೆಕ್ಕದಿಂದಲೇ ಶುರು ಮಾಡುತ್ತೇನೆ. ಎಂಜಿನಿಯರಿಂಗ್ ಓದುವವರಿಗೆ ಅದೇ ಸುಲಭ.

ಒಬ್ಬ ವಿದ್ಯಾರ್ಥಿ ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳಿಗೆ ₹5,000 ಖರ್ಚು ಮಾಡುತ್ತಾನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ₹60,000 ಆಯಿತು. ಕಾರ್ಡಿನ ಮೇಲೆ ಸೇವಾ ಸಂಸ್ಥೆಯೊಂದರ ಚಿಹ್ನೆ ಇದೆ, ಖರ್ಚಿನ ಶೇ 0.5ರಷ್ಟು ಆ ಸಂಸ್ಥೆಗೆ ಹೋಗುತ್ತದೆ ಎಂದರೆ ವರ್ಷದ ದಾನ ₹300. ಧಾರಾಳವಾಗಿ ಶೇ 1 ಎಂದು ಹಿಡಿದರೂ ₹600. ಆ ಕಾರ್ಡಿಗೆ ವಾರ್ಷಿಕ ಶುಲ್ಕ ₹499 ಇದ್ದರೆ, ಶೇ 18ರ ಜಿಎಸ್‌ಟಿ ಸೇರಿ ₹589 ಬ್ಯಾಂಕಿಗೆ ಹೋಯಿತು. ಇನ್ನು ಒಂದೇ ಒಂದು ತಿಂಗಳು ₹5,000 ಬಾಕಿ ಉಳಿಯಿತು ಅನ್ನಿ. ತಿಂಗಳಿಗೆ ಶೇ 3.5ರಂತೆ ಬಡ್ಡಿ ₹175, ಅದರ ಮೇಲೆ ಮತ್ತೆ ಜಿಎಸ್‌ಟಿ, ಒಟ್ಟು ₹206. ತಡವಾಗಿ ಕಟ್ಟಿದ್ದಕ್ಕೆ ದಂಡ ಬೇರೆ. ವರ್ಷವಿಡೀ ಮಾಡಿದ ದಾನದ ಮೂರರಲ್ಲಿ ಒಂದು ಭಾಗ ಒಂದೇ ತಿಂಗಳ ಬಡ್ಡಿಯಲ್ಲಿ ಹೋಯಿತು, ಶೇ 0.5ರ ಕಾರ್ಡಾದರೆ ಮೂರರಲ್ಲಿ ಎರಡು ಭಾಗ.

ಈ ಲೆಕ್ಕ ಮಾಡಬೇಕು ಅನ್ನಿಸಿದ್ದು ಬೀದರ್‌ನಲ್ಲಿ ನಾವು ಬಸ್ಸಿಗೆ ಕಾಯುವ ಜಾಗದ ಹತ್ತಿರ ಹಾಕಿದ್ದ ಒಂದು ಮೇಜಿನಿಂದ. ಮೇಜಿನ ಹಿಂದೆ ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದಾದ ಹುಡುಗ, ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಫಾರಂ. ‘ಮೇಡಂ, ಒಂದ್ ಫಾರಂ ತುಂಬ್ರಿ. ನೀವು ಖರ್ಚ್ ಮಾಡಿದ್ರ ಸಣ್ಣ ಮಕ್ಕಳ ಹಾರ್ಟ್ ಆಪರೇಷನ್‌ಗೆ ರೊಕ್ಕ ಹೋಗ್ತದ’ ಅಂದ. ‘ಎಷ್ಟ್ ಹೋಗ್ತದ ಅಣ್ಣಾ?’ ಅಂತ ಕೇಳಿದೆ. ‘ಅದು ಹೆಡ್ ಆಫೀಸಿನವ್ರಿಗೆ ಗೊತ್ರಿ.’ ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ಡಿಗ್ರಿ ಮುಗಿಸಿ ಕೆಲಸ ಹುಡುಕಿ, ತಿಂಗಳಿಗೆ ಇಂತಿಷ್ಟು ಕಾರ್ಡ್ ಎಂಬ ಟಾರ್ಗೆಟ್ ಹೊತ್ತು ನಿಂತವನೇ. ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಹೈದರಾಬಾದ್, ಪುಣೆಗೆ ಹೋಗಿ ಮೊದಲು ಹಿಡಿದದ್ದು ಇಂಥದ್ದೇ ಕೆಲಸ. ಆದರೆ ಮಗುವಿನ ಹೃದಯದ ಹೆಸರು ಹೇಳಿ ಮಾರುವ ವಸ್ತುವಿನಲ್ಲಿ ಆ ಮಗುವಿಗೆ ಎಷ್ಟು ಎಂಬುದು ಮಾರುವವನಿಗೇ ಗೊತ್ತಿಲ್ಲ ಅಂದರೆ, ಕೊಳ್ಳುವವರು ಯಾವುದನ್ನು ನಂಬಿ ಸಹಿ ಹಾಕಬೇಕು?

ಈ ಉಪಾಯ ಹೊಸದಲ್ಲ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿ ಪ್ರತಿಮೆಯ ದುರಸ್ತಿಗೆ ಹಣ ಕೂಡಿಸುತ್ತೇವೆ ಎಂದು ಜಾಹೀರಾತು ಹಾಕಿತು. ಕಾರ್ಡ್ ಬಳಸಿದ ಪ್ರತಿ ಸಲ ಒಂದು ಸೆಂಟ್, ಹೊಸ ಕಾರ್ಡ್ ಮಾಡಿಸಿದರೆ ಒಂದು ಡಾಲರ್. ಪ್ರತಿಮೆಗೆ ಸುಮಾರು 17 ಲಕ್ಷ ಡಾಲರ್ ಬಂತು, ಸುಳ್ಳಲ್ಲ. ಅದರ ಜೊತೆಗೆ ಕಾರ್ಡಿನ ಬಳಕೆ ಶೇ 28ರಷ್ಟು ಏರಿತು. ಅಲ್ಲಿಂದ ಮುಂದೆ ಕಂಪನಿಗಳಿಗೆ ಪಾಠ ಸಿಕ್ಕಿತು: ಒಳ್ಳೆಯ ಕೆಲಸದ ಹೆಸರಿದ್ದರೆ ಜನ ಹೆಚ್ಚು ಖರ್ಚು ಮಾಡುತ್ತಾರೆ. 2002ರಲ್ಲಿ ಅದೇ ಕಂಪನಿ ಸ್ತನ ಕ್ಯಾನ್ಸರ್ ಸಂಶೋಧನೆಗೆಂದು ಪ್ರತಿ ವಹಿವಾಟಿಗೆ ಒಂದು ಸೆಂಟ್ ಕೊಡುವ ಅಭಿಯಾನ ಮಾಡಿತು. ಹತ್ತು ಡಾಲರ್ ಖರ್ಚು ಮಾಡಿದರೂ ಒಂದು ಸೆಂಟ್, ಸಾವಿರ ಡಾಲರ್ ಖರ್ಚು ಮಾಡಿದರೂ ಒಂದು ಸೆಂಟ್! ಅಲ್ಲಿನ ಸ್ತನ ಕ್ಯಾನ್ಸರ್ ಹೋರಾಟಗಾರ್ತಿಯರೇ ಇದರ ವಿರುದ್ಧ ಎದ್ದರು. ಗುಲಾಬಿ ರಿಬ್ಬನ್ ಕಂಡ ಕೂಡಲೇ ಪರ್ಸ್ ತೆಗೆಯಬೇಡಿ, ಮೊದಲು ಯೋಚಿಸಿ ಎಂಬ ಅವರ ಚಳವಳಿ ಹುಟ್ಟಿದ್ದು ಆ ವರ್ಷವೇ. 2006ರಲ್ಲಿ ಬ್ರಿಟನ್ನಿನಲ್ಲಿ ಬಂದ ‘ರೆಡ್’ ಕಾರ್ಡ್ ಇದ್ದುದರಲ್ಲಿ ವಾಸಿ. ಖರ್ಚಿನ ಶೇ 1ರಷ್ಟು ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಗ್ಲೋಬಲ್ ಫಂಡ್‌ಗೆ ಎಂದು ಸ್ಪಷ್ಟವಾಗಿ ಹೇಳಿತ್ತು. ನಮ್ಮ ದೇಶದಲ್ಲೂ ಸಿಟಿಬ್ಯಾಂಕ್ ಮಕ್ಕಳ ಸಂಸ್ಥೆ ‘ಕ್ರೈ’ ಹೆಸರಿನಲ್ಲಿ ಕಾರ್ಡ್ ತಂದಿತ್ತು. ಆ ಬ್ಯಾಂಕಿನ ಕಾರ್ಡ್ ವ್ಯವಹಾರವೇ 2023ರ ಮಾರ್ಚ್ 1ರಿಂದ ಆಕ್ಸಿಸ್ ಬ್ಯಾಂಕಿನ ಪಾಲಾಯಿತು. ಕಾರ್ಡಿನ ಮೂಲಕ ಹರಿಯುವ ದಾನ ಬ್ಯಾಂಕಿನ ವ್ಯಾಪಾರ ಇರುವ ತನಕ ಅಷ್ಟೇ ಎಂಬುದನ್ನು ಇದರಿಂದಲೂ ತಿಳಿಯಬಹುದು.

ಕೆಲಸ ಹುಡುಕುತ್ತಿರುವ ಅಣ್ಣ-ಅಕ್ಕಂದಿರಿಗೆ ಇನ್ನೊಂದು ಮಾತು. ನಮ್ಮ ಜಿಲ್ಲೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರು ಬಹಳ. ಸಾಲದ, ಕ್ರೆಡಿಟ್ ಕಾರ್ಡಿನ ಬಾಕಿ ಕಟ್ಟದ ದಾಖಲೆ ಇದ್ದವರು ನೇಮಕಕ್ಕೆ ಅರ್ಹರಲ್ಲ ಎಂದು ಸ್ಟೇಟ್ ಬ್ಯಾಂಕಿನ ನೇಮಕಾತಿ ಅಧಿಸೂಚನೆಗಳಲ್ಲೇ ಬರೆದಿರುತ್ತದೆ. ಪುಣ್ಯಕ್ಕೆಂದು ತೆಗೆದುಕೊಂಡ ಕಾರ್ಡಿನ ಎರಡು ಸಾವಿರ ಬಾಕಿ ನೌಕರಿಗೇ ಅಡ್ಡ ಬರಬಹುದು. ಈಗಾಗಲೇ ತೆಗೆದುಕೊಂಡು ಬೇಡವಾಗಿದ್ದರೆ ಬಾಕಿ ಚುಕ್ತಾ ಮಾಡಿ ರದ್ದತಿಗೆ ಬರೆದುಕೊಡಿ. 2022ರಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದ ಪ್ರಕಾರ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ಮುಚ್ಚದಿದ್ದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ದಂಡ ಕಟ್ಟಬೇಕು.

‘ಹನಿ ಹನಿ ಕೂಡಿದರೆ ಹಳ್ಳ ಅಲ್ಲವೇನು? ಏನೂ ಕೊಡದೆ ಇರೋದಕ್ಕಿಂತ ಇದಾದರೂ ಆಗಲಿ’ ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾಳೆ. ಸಂಬಳ ಬರುವವರು, ಹೇಗೂ ಕಾರ್ಡ್ ಬಳಸುವವರು, ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವವರು ಇಂಥ ಕಾರ್ಡ್ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಕ್ಯಾಶ್‌ಬ್ಯಾಕ್ ಬದಲು ಯಾರಿಗೋ ಹೋಗಲಿ. ಆದರೆ ಆದಾಯವೇ ಇಲ್ಲದ, ಅಪ್ಪನ ಎಫ್‌ಡಿ ಮೇಲೆ ಕಾರ್ಡ್ ಮಾಡಿಸಬೇಕಾದ ನಮ್ಮಂಥವರಿಗೆ ಇದು ದಾನದ ದಾರಿಯಲ್ಲ, ಸಾಲದ ಬಾಗಿಲು.

ಅವಳ ವಾದದಲ್ಲಿ ಇನ್ನೊಂದು ಪ್ರಶ್ನೆ ಅಡಗಿದೆ. ಆ ಹನಿಗಳು ಯಾವ ಹಳ್ಳಕ್ಕೆ ಸೇರುತ್ತವೆ? ಕಾರ್ಡಿನ ಮೇಲೆ ಯಾವ ಕಾಯಿಲೆಯ ಹೆಸರು ಇರಬೇಕು ಎಂದು ತೀರ್ಮಾನಿಸುವುದು ಮಾರ್ಕೆಟಿಂಗ್‌ನವರು. ಫೋಟೊದಲ್ಲಿ ಚೆನ್ನಾಗಿ ಕಾಣುವ ಕಾಯಿಲೆಗೆ ಮೊದಲ ಸೀಟು. ಮಗುವಿನ ಹೃದಯದ ಆಪರೇಷನ್ ಎಂದರೆ ಯಾರ ಕರುಳೂ ಚುರ್ ಅನ್ನುತ್ತದೆ. ಆದರೆ ಅದೇ ಆಪರೇಷನ್ನಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಉಚಿತ ಚಿಕಿತ್ಸೆಗೆ ಕಳಿಸುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಿಂದ ಉಚಿತವಾಗಿ ಹೃದಯ ಶಸ್ತ್ರಚಿಕಿತ್ಸೆ ಮಾಡುವ ಸತ್ಯಸಾಯಿ ಆಸ್ಪತ್ರೆ ಇದೆ. ಇವೆಲ್ಲ ಸಾಕು ಎಂದು ನಾನು ಹೇಳುತ್ತಿಲ್ಲ. ಈಗಾಗಲೇ ನಾಲ್ಕು ಕೈ ಹಿಡಿದ ಕೆಲಸಕ್ಕೆ ಐದನೆಯ ಕೈ ಬರುವಾಗ, ಒಂದು ಕೈಯೂ ಇಲ್ಲದ ಕಡೆ ಯಾರು ಹೋಗುತ್ತಾರೆ ಎಂಬುದಷ್ಟೇ ನನ್ನ ಚಿಂತೆ.

ಇದಕ್ಕೆ ದೂರ ಹೋಗಬೇಕಿಲ್ಲ. ನಮ್ಮಲ್ಲಿ ದೊಡ್ಡವರ ಹುಟ್ಟುಹಬ್ಬ ಬಂತೆಂದರೆ ಒಳರೋಗಿಗಳಿಗೆ ಹಣ್ಣು-ಬ್ರೆಡ್ ವಿತರಣೆ. ಒಂದು ಸೇಬು, ಅದರ ಮೇಲೆ ಎಂಟು ಕೈ, ಮರುದಿನ ಪತ್ರಿಕೆಯಲ್ಲಿ ಫೋಟೊ. (ಸೇಬು ತಿನ್ನಬಾರದ ಶುಗರ್ ಪೇಷಂಟ್ ಕೂಡ ಫೋಟೊ ಮುಗಿಯುವ ತನಕ ಅದನ್ನು ಹಿಡಿದುಕೊಂಡೇ ಕೂತಿರುತ್ತಾರೆ.) ಬಿಪಿ-ಶುಗರ್ ತಪಾಸಣಾ ಶಿಬಿರಗಳದ್ದೂ ಇದೇ ಕಥೆ. ಔರಾದ್‌ನಲ್ಲಿ ನಮ್ಮಜ್ಜಿಗೆ ಶುಗರ್ ಇದೆ ಎಂದು ಎರಡು ವರ್ಷದಲ್ಲಿ ಮೂರು ಶಿಬಿರಗಳು ಹೇಳಿವೆ. ಪ್ರತಿ ತಿಂಗಳ ಗುಳಿಗೆ ತರುವುದು ಹೇಗೆ ಎಂದು ಒಂದೂ ಕೇಳಲಿಲ್ಲ. ಅಜ್ಜಿಗಂತೂ ಈಗ ಬೇಸರ ಬಂದಿದೆ: ‘ನನಗ ಸಕ್ಕರಿ ಬ್ಯಾನಿ ಅದ ಅಂತ ಊರಿಗೆಲ್ಲ ಗೊತ್ತಾಗ್ಯಾದ ಬಿಡವ್ವ.’

ರಕ್ತದಾನವನ್ನೇ ನೋಡಿ. ನಮ್ಮ ವಯಸ್ಸಿನವರು ರೊಕ್ಕ ಇಲ್ಲದೆಯೂ ಕೊಡಬಹುದಾದದ್ದು ಅದೊಂದೇ. ಆದರೆ ಎರಡು ಮೂರು ಸಂಘಟನೆಗಳು ಒಂದೇ ವಾರದಲ್ಲಿ ಶಿಬಿರ ಇಟ್ಟರೆ ಏನಾಗುತ್ತದೆ? ರಕ್ತದ ಚೀಲ ಸಾಮಾನ್ಯವಾಗಿ 35 ದಿನ ಇರುತ್ತದೆ. ಡೆಂಗಿ ಬಂದಾಗ ಜನ ಓಡಾಡಿ ಹುಡುಕುವ ಪ್ಲೇಟ್‌ಲೆಟ್ ಇರುವುದು ಐದೇ ದಿನ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವ ಹಾಗಿಲ್ಲ. ಅಂದರೆ ಕಾಲೇಜಿನ ಎಲ್ಲರೂ ಒಂದೇ ದಿನ ಕೊಟ್ಟರೆ ಮುಂದಿನ ಮೂರು ತಿಂಗಳು ಆ ಕಾಲೇಜಿನಲ್ಲಿ ದಾನಿಗಳೇ ಇಲ್ಲ. ಮೂರು ಸಂಘಟನೆಗಳು ಕೂತು ತಾರೀಖು ಹಂಚಿಕೊಂಡರೆ ಒಂದು ಪೈಸೆ ಖರ್ಚಿಲ್ಲದೆ ಅಷ್ಟೇ ರಕ್ತ ಹೆಚ್ಚು ಜನರಿಗೆ ಸಿಗುತ್ತದೆ. ಹಂಚಿಕೊಂಡರೆ ಬ್ಯಾನರ್ ಯಾರದು ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಗೆ ನಿಲ್ಲುತ್ತದೆ.

ಭಾಲ್ಕಿಯಿಂದ ದಿನಾ ಓಡಾಡುವ ನನ್ನ ಕ್ಲಾಸ್‌ಮೇಟ್ ಒಬ್ಬಳು ತನ್ನ ಓಣಿಯ ಅಜ್ಜನ ಸಂಗತಿ ಹೇಳಿದಳು. ಅಜ್ಜನಿಗೆ ಕ್ಷಯ. ಔಷಧ ಸರ್ಕಾರದ್ದು, ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ₹1,000 ಖಾತೆಗೆ ಬರಬೇಕು. 2018ರಲ್ಲಿ ₹500 ಇದ್ದದ್ದು 2024ರ ನವೆಂಬರ್‌ನಿಂದ ದುಪ್ಪಟ್ಟಾಗಿದೆ. ಇದರ ಮೇಲೆ 2022ರಲ್ಲಿ ಶುರುವಾದ ‘ನಿಕ್ಷಯ್ ಮಿತ್ರ’ ಇದೆ: ವ್ಯಕ್ತಿಗಳು, ಸಂಘ-ಸಂಸ್ಥೆಗಳು ರೋಗಿಯನ್ನು ದತ್ತು ತೆಗೆದುಕೊಂಡು ಆಹಾರದ ಕಿಟ್ ಕೊಡಬಹುದು, ಕನಿಷ್ಠ ಆರು ತಿಂಗಳು. ಅಜ್ಜನಿಗೆ ಒಂದೇ ತಿಂಗಳಲ್ಲಿ ಇಬ್ಬರಿಂದ ಎರಡು ಕಿಟ್ ಬಂದವು. ಎರಡರಲ್ಲೂ ಬೇಳೆ, ಎಣ್ಣೆ, ಶೇಂಗಾ. ಮುಂದಿನ ಎರಡು ತಿಂಗಳು ಯಾರೂ ಬರಲಿಲ್ಲ. ಕ್ಷಯದ ಚಿಕಿತ್ಸೆಯೋ ಕಮ್ಮಿ ಅಂದರೆ ಆರು ತಿಂಗಳು, ಪ್ರತಿ ದಿನ ತಪ್ಪದೆ. ಒಂದೇ ಯೋಜನೆ, ಒಬ್ಬನೇ ರೋಗಿ. ಕೊಡುವವರಿಗೆ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದಿದ್ದರೆ ಹೀಗಾಗುತ್ತದೆ.

ಹಾಗಾದರೆ ಕೈ ಇಲ್ಲದ ಕಡೆ ಯಾವುದು? ಇದು ನನಗೆ ಗೊತ್ತಾದದ್ದು ನಮ್ಮ ಮಾಮಾನ ಕಾಯಿಲೆಯಲ್ಲಿ. ಔರಾದ್ ತಾಲ್ಲೂಕಿನ ಹಳ್ಳಿ, ಎರಡು ಎಕರೆ ತೊಗರಿ-ಸೋಯಾ. ಗಂಟಲಿನ ಕ್ಯಾನ್ಸರ್. ಕಲಬುರಗಿಯಲ್ಲಿ ರೇಡಿಯೇಷನ್ ಆಯಿತು. ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ಒಂದು ರೂಪಾಯಿ ಕೇಳಲಿಲ್ಲ, ಬಿಪಿಎಲ್ ಕಾರ್ಡಿನಲ್ಲಿ ಎಲ್ಲ ನಡೆಯಿತು. ಈ ವಿಷಯದಲ್ಲಿ ಸರ್ಕಾರಕ್ಕೆ ಕೊಡಬೇಕಾದ ಶ್ರೇಯಸ್ಸು ಕೊಡಲೇಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರುವಾದದ್ದೇ ನಮ್ಮ ಆಗಿನ ಗುಲಬರ್ಗಾ ವಿಭಾಗದಲ್ಲಿ. ಆ ಯೋಜನೆ ಸಿಕ್ಕ ಹಳ್ಳಿಗಳ ಬಡವರಲ್ಲಿ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳ ಸಾವು, ಸಿಗದ ಹಳ್ಳಿಗಳವರಿಗಿಂತ ಶೇ 64ರಷ್ಟು ಕಡಿಮೆ ಇತ್ತು ಎಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನ ಹೇಳುತ್ತದೆ.

ಆದರೆ ರೇಡಿಯೇಷನ್ ಅಂದರೆ ವಾರಕ್ಕೆ ಐದು ದಿನ, ಆರು ವಾರ. ದಿನಕ್ಕೆ ಹತ್ತು ನಿಮಿಷದ ಕೆಲಸ, ಅಡ್ಮಿಟ್ ಮಾಡಿಕೊಳ್ಳುವುದಿಲ್ಲ. ಔರಾದ್‌ನಿಂದ ಬೀದರ್‌ಗೆ ಬಂದು, ಅಲ್ಲಿಂದ ಕಲಬುರಗಿಗೆ ದಿನಾ ಹೋಗಿ ಬರಲು ಗಂಟಲು ಸುಟ್ಟ ಮನುಷ್ಯನಿಗೆ ಆಗುತ್ತದೆಯೇ? ಮಾಮಾ, ಅತ್ತಿ ಇಬ್ಬರೂ ಆಸ್ಪತ್ರೆ ಹತ್ತಿರ ದಿನಕ್ಕೆ ₹300ರ ಕೋಣೆಯಲ್ಲಿ 42 ದಿನ ಇದ್ದರು: ₹12,600. ಊಟ, ಹಾಲು, ಎಳನೀರು ದಿನಕ್ಕೆ ₹200 ಹಿಡಿದರೆ ₹8,400. ಎರಡೂ ಸೇರಿ ₹21,000. ರಾಶಿಗೆ ಬಂದ ಸೋಯಾವನ್ನು ಕೂಲಿ ಕೊಟ್ಟು ಮಾಡಿಸಿದ್ದು ಬೇರೆ. ಶಕ್ತಿ ಯೋಜನೆಯಿಂದ ಅತ್ತಿಯ ಬಸ್ ಚಾರ್ಜ್ ಉಳಿಯಿತು, ಮಾಮಾನದು ಉಳಿಯಲಿಲ್ಲ. ಕೊನೆಗೆ ಮನೆಯ ಎಮ್ಮೆ ಮಾರಿದರು. ಉಚಿತ ಚಿಕಿತ್ಸೆಗೆ!

ಈಗ ಮತ್ತೆ ಕಾರ್ಡಿನ ಲೆಕ್ಕಕ್ಕೆ ಬನ್ನಿ. ಶೇ 1ರ ಕಾರ್ಡಿನಿಂದ ಈ ₹21,000 ಹುಟ್ಟಬೇಕಾದರೆ ಯಾರೋ ₹21 ಲಕ್ಷ ಖರ್ಚು ಮಾಡಬೇಕು. ಶೇ 0.5 ಆದರೆ ₹42 ಲಕ್ಷ. ಅಷ್ಟು ಹಣ ಅಂಗಡಿಗಳಿಗೆ ಹರಿದ ಮೇಲೂ ಅದು ಮಾಮಾನ ಕೋಣೆ ಬಾಡಿಗೆಗೆ ಬರುವುದಿಲ್ಲ. ಕೋಣೆ ಬಾಡಿಗೆಯ ಚಿತ್ರವನ್ನು ಯಾರೂ ಕಾರ್ಡಿನ ಮೇಲೆ ಛಾಪಿಸುವುದಿಲ್ಲವಲ್ಲ.

ಇಂಥ ಖಾಲಿ ಜಾಗವನ್ನೇ ಹುಡುಕಿ ಕೆಲಸ ಮಾಡುವ ಸಂಸ್ಥೆಗಳೂ ಇವೆ. 2006ರಲ್ಲಿ ಮುಂಬೈನಲ್ಲಿ ಶುರುವಾದ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಆಸ್ಪತ್ರೆ ಕಟ್ಟಲಿಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಹಳ್ಳಿಯಿಂದ ಬಂದ ಮಗು ಮತ್ತು ತಂದೆ-ತಾಯಿಗೆ ಇರಲು ಉಚಿತ ಜಾಗ ಕೊಡುವುದೇ ಅದರ ಕೆಲಸ. ಬೆಂಗಳೂರಿನ ಕರುಣಾಶ್ರಯ, ಇನ್ನು ಗುಣವಾಗುವುದಿಲ್ಲ ಎಂದು ವೈದ್ಯರು ಹೇಳಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅದನ್ನು ಇಂಡಿಯನ್ ಕ್ಯಾನ್ಸರ್ ಸೊಸೈಟಿ ಮತ್ತು ಬೆಂಗಳೂರು ಇಂದಿರಾನಗರದ ರೋಟರಿ ಕ್ಲಬ್ ಸೇರಿ ಹುಟ್ಟುಹಾಕಿದವು ಎಂಬುದು ನನಗೆ ಮುಖ್ಯ ಅನ್ನಿಸುತ್ತದೆ. ಎರಡು ಸಂಸ್ಥೆಗಳು ಎರಡು ಶಿಬಿರ ಮಾಡುವ ಬದಲು ಒಂದು ಮನೆ ಕಟ್ಟಿದವು. ಪೋಲಿಯೊ ಹೋದದ್ದೂ ಹಾಗೆಯೇ. ರೋಟರಿ, ಯುನಿಸೆಫ್, ವಿಶ್ವ ಆರೋಗ್ಯ ಸಂಸ್ಥೆ, ಸರ್ಕಾರ ಕೆಲಸ ಹಂಚಿಕೊಂಡವು. 2011ರ ಜನವರಿ 13ರ ಪ್ರಕರಣವೇ ದೇಶದಲ್ಲಿ ಕೊನೆಯದಾಯಿತು. ಎಲ್ಲ ಕಡೆ ಇದು ಆಗುವುದಿಲ್ಲ. ಸೀಳುತುಟಿ ಆಪರೇಷನ್ ಮಾಡಿಸುವ ಸ್ಮೈಲ್ ಟ್ರೈನ್ ಮತ್ತು ಆಪರೇಷನ್ ಸ್ಮೈಲ್ 2011ರಲ್ಲಿ ಒಂದಾಗುತ್ತೇವೆ ಎಂದು ಘೋಷಿಸಿ ಕೆಲವೇ ದಿನಗಳಲ್ಲಿ ಕೈಬಿಟ್ಟವು. ಇಬ್ಬರ ಕೆಲಸವೂ ಒಂದೇ, ಇಬ್ಬರೂ ಬೇರೆ ಬೇರೆಯಾಗಿಯೇ ಹಣ ಕೇಳುತ್ತಾರೆ.

ಆದ್ದರಿಂದ ಯಾವ ಸಂಸ್ಥೆ ಕೈಚಾಚಿದರೂ ನಾನು ಕೇಳಬೇಕು ಅಂದುಕೊಂಡಿರುವುದು ಇಷ್ಟು: ಈ ಕೆಲಸಕ್ಕೆ ಸರ್ಕಾರ ದುಡ್ಡು ಕೊಡುತ್ತದೆಯೇ, ಕೊಟ್ಟರೆ ನಿಮ್ಮ ಹಣ ಅದರ ಮೇಲೆ ಏನು ಮಾಡುತ್ತದೆ? ಉದಾಹರಣೆಗೆ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡುವ ಸಂಸ್ಥೆಗಳಿಗೆ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಒಂದೊಂದು ಶಸ್ತ್ರಚಿಕಿತ್ಸೆಗೆ ಇಂತಿಷ್ಟು ಎಂದು ಸರ್ಕಾರವೇ ಅನುದಾನ ಕೊಡುತ್ತದೆ. ಹಾಗಿದ್ದರೂ ರೋಗಿಯನ್ನು ಹಳ್ಳಿಯಿಂದ ಕರೆತಂದು ವಾಪಸ್ ಬಿಡುವ ಖರ್ಚು ನಮ್ಮದು ಅನ್ನುವವರಿಗೆ ಕೊಡಬಹುದು. ಉತ್ತರ ಹೇಳಲು ತಡಕಾಡುವವರಿಗೆ ಬೇಡ. ಸಂಸ್ಥೆಯ ನೋಂದಣಿಯನ್ನು ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ನಲ್ಲಿ ನೋಡಬಹುದು, ಮೊಬೈಲಿನಲ್ಲಿ ಎರಡು ನಿಮಿಷದ ಕೆಲಸ. 80ಜಿ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ಯಾರಾದರೂ ಆಸೆ ತೋರಿಸಿದರೆ ನಕ್ಕುಬಿಡಿ. ನಮಗೆ ತೆರಿಗೆಯೇ ಇಲ್ಲ, ನಾಳೆ ನೌಕರಿ ಸಿಕ್ಕು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಆ ವಿನಾಯಿತಿಯೂ ಇಲ್ಲ. ಆ್ಯಪ್‌ಗಳಲ್ಲಿ ಬಿಲ್ ಕಟ್ಟುವಾಗ ‘₹2 ದಾನ’ ಎಂದು ಮೊದಲೇ ಟಿಕ್ ಆಗಿರುತ್ತದಲ್ಲ, ಅದನ್ನೂ ನೋಡಿ. ಕೇಳದೆ ಬಿಲ್ಲಿಗೆ ದಾನ ಸೇರಿಸುವುದು 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಗ್ರಾಹಕರನ್ನು ವಂಚಿಸುವ 13 ತಂತ್ರಗಳಲ್ಲಿ ಒಂದು.

‘ಕ್ರೈ’ ಸಂಸ್ಥೆಯನ್ನು 1979ರಲ್ಲಿ ರಿಪ್ಪನ್ ಕಪೂರ್ ಮತ್ತು ಅವರ ಆರು ಗೆಳೆಯರು ಶುರು ಮಾಡಿದ್ದು ₹50ರಿಂದಂತೆ. ಆ ಸಂಖ್ಯೆ ನಮಗೆ ಹಿಡಿಸಿತು. ತಿಂಗಳಿಗೆ ₹50 ಅಂದರೆ ವರ್ಷಕ್ಕೆ ₹600. ಶೇ 1ರ ಕಾರ್ಡಿನಲ್ಲಿ ₹60,000 ಖರ್ಚು ಮಾಡಿದ ಹಾಗೆ, ಏನೂ ಕೊಳ್ಳದೆ. ನಮ್ಮ ಸೆಕ್ಷನ್ನಿನಲ್ಲಿ 23 ಜನ ಒಪ್ಪಿದ್ದಾರೆ. ಮೊದಲ ತಿಂಗಳು ₹1,150 ಕೂಡಿದೆ, ಲೆಕ್ಕ ಪ್ರತಿ ಭಾನುವಾರ ಗುಂಪಿನಲ್ಲಿ ಹಾಕಬೇಕೆಂದು ನಿಯಮ. ಯಾರಿಗೆ ಎಂಬುದರಲ್ಲಿ ಇನ್ನೂ ಜಗಳ ಇದೆ. ಇಬ್ಬರು ಹುಡುಗರು ದೊಡ್ಡ ಸಂಸ್ಥೆಗೇ ಕಳಿಸೋಣ ಅನ್ನುತ್ತಾರೆ, ರಸೀದಿ ಸಿಗುತ್ತದೆ ಎಂದು. ಭಾಲ್ಕಿಯವಳದ್ದು ಬೇರೆ ಹಟ: ಆರೋಗ್ಯ ಇಲಾಖೆಯಲ್ಲಿ ನಿಕ್ಷಯ್ ಮಿತ್ರ ಎಂದು ಹೆಸರು ಬರೆಸಿ, ಒಬ್ಬರೇ ರೋಗಿಗೆ ಪೂರ್ತಿ ಆರು ತಿಂಗಳು ಕಿಟ್ ಕೊಡಬೇಕು, ಈಗಾಗಲೇ ಬೇರೆ ಯಾರೂ ಕೊಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಇಂಟರ್ನಲ್ಸ್ ಮುಗಿದ ಮರುದಿನ ಅವಳೂ ನಾನೂ ಕೇಳಿಕೊಂಡು ಬರಲು ಹೋಗುವವರಿದ್ದೇವೆ.